ತುಪ್ಪ ಬಿಟ್ಟರೂ ಲಿವರ್‌ನಲ್ಲಿ ಕೊಬ್ಬು: ಭಾರಜಲ ಹೇಳುವ ಲೆಕ್ಕ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನಮ್ಮ ಕಾಕಾ ಅವರ ಬಟ್ಟೆ ಅಂಗಡಿ ಇದೆ. ಹೋದ ತಿಂಗಳು ಹೊಟ್ಟೆ ಸ್ಕ್ಯಾನ್ ಮಾಡಿಸಿದಾಗ ರಿಪೋರ್ಟಿನಲ್ಲಿ "ಫ್ಯಾಟಿ ಲಿವರ್, ಗ್ರೇಡ್ 1" ಅಂತ ಬಂತು. ಸೀದಾ ನಮ್ಮ ಮನೆಗೆ ಬಂದರು. "ತುಪ್ಪ ಬಿಟ್ಟು ಎರಡು ವರ್ಷ ಆತು. ಕರಿದಿದ್ದು ಮುಟ್ಟಂಗಿಲ್ಲ. ಮತ್ತ ಈ ಕೊಬ್ಬು ಎಲ್ಲಿಂದ ಬಂತು, ನೀನ ಹೇಳು" ಅಂದರು. ಅವರ ಎದುರಿಗೆ ಚಹಾ ಇತ್ತು, ಎರಡು ಚಮಚ ಸಕ್ಕರೆ ಹಾಕಿದ್ದು. ದಿನಕ್ಕೆ ಅಂಥವು ಆರೇಳು ಬೇಕು ಅವರಿಗೆ, ಅಂಗಡಿಗೆ ದೊಡ್ಡ ಗಿರಾಕಿ ಬಂದಾಗಲೆಲ್ಲ ಒಂದು.

ನಾನು ಬಯೋಕೆಮಿಸ್ಟ್ರಿ ಪಾಠ ಮಾಡುವವಳು. ಕಾಕಾ ಕೇಳಿದ್ದು ಸಣ್ಣ ಪ್ರಶ್ನೆ ಅಲ್ಲ. ಸ್ಕ್ಯಾನ್ ಹೇಳುವುದು ಕೊಬ್ಬು ಇದೆ ಅಂತ ಮಾತ್ರ, ಅದೂ ಸ್ವಲ್ಪ ಇದ್ದರೆ ಅದಕ್ಕೆ ಕಾಣದೇ ಹೋಗಬಹುದು. ಎಂಆರ್‌ಐ ಮಾಡಿಸಿದರೆ ಶೇಕಡಾ ಎಷ್ಟು ಅಂತ ಚೆನ್ನಾಗಿ ಹೇಳುತ್ತದೆ. ಆದರೆ ಎಲ್ಲಿಂದ ಬಂತು ಅಂತ ಎರಡೂ ಹೇಳುವುದಿಲ್ಲ. ಗೋದಾಮಿನಲ್ಲಿ ತೊಗರಿ ಚೀಲ ಎಷ್ಟಿವೆ ಅಂತ ಎಣಿಸಬಹುದು, ಯಾವ ಚೀಲ ಯಾವ ಊರಿನದು ಅಂತ ಎಣಿಕೆಯಿಂದ ಗೊತ್ತಾಗುವುದಿಲ್ಲ, ಅಲ್ವಾ?

ಅದನ್ನು ತಿಳಿಯಲಿಕ್ಕೆ ಒಂದು ದಾರಿ ಇದೆ. ಮನುಷ್ಯನಿಗೆ ಒಂದು ಲೋಟ ವಿಶೇಷ ನೀರು ಕುಡಿಸಿ, ಆಮೇಲೆ ರಕ್ತದಲ್ಲಿರುವ ಕೊಬ್ಬನ್ನು ತೂಗುವುದು. ನನಗೆ ತುಂಬ ಇಷ್ಟವಾದ ವಿಧಾನ ಇದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಲಿವರ್‌ಗೆ ಕೊಬ್ಬು ಬರುವ ದಾರಿಗಳು. ಅವು ಮೂರು. ನಮ್ಮ ಮನೆಯ ರೊಟ್ಟಿ ಬುಟ್ಟಿಯನ್ನೇ ನೆನೆಸಿಕೊಳ್ಳಿ. ಬುಟ್ಟಿಯಲ್ಲಿರುವ ರೊಟ್ಟಿಗಳಲ್ಲಿ ಒಂದಿಷ್ಟು ಖಾನಾವಳಿಯಿಂದ ತಂದದ್ದು, ಅಂದರೆ ಊಟದಲ್ಲಿ ತಿಂದ ಎಣ್ಣೆ, ತುಪ್ಪ. ಒಂದಿಷ್ಟು ವಾರದ ಹಿಂದೆಯೇ ಬಡಿದು ಒಣಗಿಸಿಟ್ಟ ಕಡಕ್ ರೊಟ್ಟಿ, ಅಂದರೆ ಹೊಟ್ಟೆ ಸೊಂಟದ ಸುತ್ತ ಕೂಡಿಟ್ಟ ಕೊಬ್ಬು ಕರಗಿ ರಕ್ತದ ಮೂಲಕ ಲಿವರ್‌ಗೆ ಬಂದದ್ದು. ಉಳಿದದ್ದು ಇವತ್ತು ಮನೆಯಲ್ಲೇ ಹಿಟ್ಟು ನಾದಿ ಬಡಿದ ಬಿಸಿ ರೊಟ್ಟಿ. ಅಂದರೆ ಸಕ್ಕರೆ, ಅನ್ನ, ರೊಟ್ಟಿ, ಮೈದಾದಿಂದ ಬಂದ ಗ್ಲೂಕೋಸ್ ಮತ್ತು ಫ್ರಕ್ಟೋಸನ್ನು ಒಡೆದು ಲಿವರ್ ತಾನೇ ಹೊಸದಾಗಿ ಮಾಡಿದ ಕೊಬ್ಬು. ಕಾಕಾ ತಿಳಿದುಕೊಂಡಿದ್ದು ಮೊದಲನೇ ದಾರಿ ಒಂದೇ ಇದೆ ಅಂತ. ಖಾನಾವಳಿ ಬಾಗಿಲು ಮುಚ್ಚಿದರೆ ಬುಟ್ಟಿ ಖಾಲಿ ಆಗಬೇಕಿತ್ತಲ್ಲ ಅಂತ ಅವರ ವಾದ.

ಈಗ ತೊಂದರೆ ಏನೆಂದರೆ, ಬುಟ್ಟಿಗೆ ಬಿದ್ದ ಮೇಲೆ ಎಲ್ಲ ರೊಟ್ಟಿ ಒಂದೇ ಥರ ಕಾಣುತ್ತವೆ. ಕೊಬ್ಬಿನ ಅಣುವಿಗೆ ಊರು ಹೆಸರು ಬರೆದಿರುವುದಿಲ್ಲ. ಪಾಲ್ಮಿಟಿಕ್ ಆಮ್ಲ ಅನ್ನುವ ಕೊಬ್ಬನ್ನೇ ನೋಡಿ, ಲಿವರ್ ಮಾಡಿದ್ದೂ ಒಂದೇ, ಪಾಮ್ ಎಣ್ಣೆಯಿಂದ ಬಂದದ್ದೂ ಒಂದೇ.

ಹಾಗಾದರೆ ಹೀಗೆ ಮಾಡೋಣ. ಇವತ್ತು ರಾತ್ರಿ ಅಡುಗೆ ಮನೆಯ ಹರವಿಯ ನೀರಿಗೆ ಒಂದು ಚಿಟಿಕೆ ಅರಿಶಿನ ಹಾಕಿಬಿಡೋಣ. ನಾಳೆ ಬೆಳಿಗ್ಗೆ ನಮ್ಮವ್ವ ಅದೇ ನೀರನ್ನು ಎಸರಿಗಿಟ್ಟು ಜೋಳದ ಹಿಟ್ಟು ನಾದುತ್ತಾಳೆ. ನಾಳೆ ಬಡಿದ ರೊಟ್ಟಿಗೆಲ್ಲ ಸ್ವಲ್ಪ ಹಳದಿ ಬಣ್ಣ ಬರುತ್ತದೆ. ಕಡಕ್ ರೊಟ್ಟಿಗೆ ಬರುವುದಿಲ್ಲ, ಅದು ಮೊದಲೇ ಆಗಿತ್ತು. ಖಾನಾವಳಿಯದಕ್ಕೂ ಬರುವುದಿಲ್ಲ, ಅಲ್ಲಿನ ನೀರು ಬೇರೆ. ಮಧ್ಯಾಹ್ನ ಬುಟ್ಟಿ ತೆರೆದು ಹಳದಿ ರೊಟ್ಟಿ ನೂರಕ್ಕೆ ಎಷ್ಟು ಅಂತ ಎಣಿಸಿದರೆ ಮನೆಯಲ್ಲಿ ಆದದ್ದು ಎಷ್ಟು ಅಂತ ಗೊತ್ತಾಯಿತು. ವಿಧಾನದ ತಿರುಳು ಇಷ್ಟೇ. ದೇಹದ ನೀರಿಗೆ ಹಾಕುವ ಅರಿಶಿನದ ಹೆಸರು ಡ್ಯೂಟೀರಿಯಂ.

ಡ್ಯೂಟೀರಿಯಂ ಅಂದರೆ ಹೈಡ್ರೋಜನ್‌ನ ಅಣ್ಣ ಅನ್ನಬಹುದು. ಮಾಮೂಲಿ ಹೈಡ್ರೋಜನ್ ಪರಮಾಣುವಿನ ನಡುವೆ ಒಂದು ಪ್ರೋಟಾನ್ ಇರುತ್ತದೆ, ಇದರಲ್ಲಿ ಪ್ರೋಟಾನ್ ಜೊತೆಗೆ ಒಂದು ನ್ಯೂಟ್ರಾನ್ ಕೂಡ ಇರುತ್ತದೆ. ತೂಕ ಎರಡು ಪಟ್ಟು, ಗುಣ ಹೆಚ್ಚು ಕಡಿಮೆ ಅದೇ. ಇಂಥ ಎರಡು ಪರಮಾಣು ಆಮ್ಲಜನಕದ ಜೊತೆ ಸೇರಿದರೆ ಭಾರಜಲ. ಒಂದು ಲೀಟರ್ ಭಾರಜಲ ಸುಮಾರು 1.1 ಕೆಜಿ ತೂಗುತ್ತದೆ. 1931ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಹೆರಾಲ್ಡ್ ಯೂರಿ ಡ್ಯೂಟೀರಿಯಂ ಪತ್ತೆ ಹಚ್ಚಿದರು, 1934ರಲ್ಲಿ ಅವರಿಗೆ ನೊಬೆಲ್ ಬಂತು. ಅದೇ ಹೊತ್ತಿಗೆ ಹಿಟ್ಲರ್ ಕಾಲದ ಜರ್ಮನಿ ಬಿಟ್ಟು ರುಡಾಲ್ಫ್ ಶೋನ್‌ಹೈಮರ್ ಅನ್ನುವವರು ಅದೇ ವಿಶ್ವವಿದ್ಯಾಲಯಕ್ಕೆ ಬಂದಿದ್ದರು. ಅವರು ಡೇವಿಡ್ ರಿಟೆನ್‌ಬರ್ಗ್ ಜೊತೆ ಸೇರಿ 1935ರಿಂದ ಇಲಿಗಳಿಗೆ ಡ್ಯೂಟೀರಿಯಂ ಗುರುತು ಹಾಕಿದ ಕೊಬ್ಬು ತಿನ್ನಿಸಿದರು, ಭಾರಜಲ ಬೆರೆಸಿದ ನೀರು ಕುಡಿಸಿದರು. ಆಗಿನವರ ನಂಬಿಕೆ, ಮೈಯಲ್ಲಿ ಕೂಡಿಟ್ಟ ಕೊಬ್ಬು ಉಪವಾಸ ಬಂದಾಗ ಮಾತ್ರ ಹೊರಗೆ ಬರುತ್ತದೆ, ಅಲ್ಲಿವರೆಗೆ ಸುಮ್ನೆ ಬಿದ್ದಿರುತ್ತದೆ ಅಂತ. ಇಲಿಗಳು ತೋರಿಸಿದ್ದೇ ಬೇರೆ. ಕೊಬ್ಬು ದಿನವೂ ಒಡೆಯುತ್ತದೆ, ದಿನವೂ ಹೊಸದು ಆಗುತ್ತದೆ, ಹೊರಗಿನಿಂದ ನೋಡಿದರೆ ಮಾತ್ರ ಅಷ್ಟೇ ಇರುವಂತೆ ಕಾಣುತ್ತದೆ.

ಭಾರಜಲ ಅಂದ ಕೂಡಲೇ ನಮ್ಮಲ್ಲಿ ಹಲವರಿಗೆ ಕೈಗಾ ನೆನಪಾಗುತ್ತದೆ. ಪಕ್ಕದ ತೆಲಂಗಾಣದ ಮಣುಗೂರಿನಲ್ಲಿ ಭಾರಜಲ ಮಾಡುವ ದೊಡ್ಡ ಕಾರ್ಖಾನೆಯೇ ಇದೆ. ಕ್ಲಾಸಿನಲ್ಲಿ ಈ ವಿಷಯ ಬಂದಾಗಲೆಲ್ಲ ಯಾರಾದರೂ ಒಬ್ಬರು ಕೇಳುತ್ತಾರೆ, "ಮೇಡಂ, ಅದು ರೇಡಿಯೇಶನ್ ನೀರಲ್ವಾ?" ಅಲ್ಲ. ಡ್ಯೂಟೀರಿಯಂ ಒಡೆಯುವುದಿಲ್ಲ, ಅದರಿಂದ ಯಾವ ವಿಕಿರಣವೂ ಬರುವುದಿಲ್ಲ. ಅಣುಸ್ಥಾವರದ ಒಳಗೆ ಇದ್ದು ಬಂದ ಭಾರಜಲದಲ್ಲಿ ಟ್ರಿಟಿಯಂ ಅನ್ನುವ ಇನ್ನೂ ಭಾರದ ಹೈಡ್ರೋಜನ್ ಸೇರಿಕೊಳ್ಳುತ್ತದೆ, ವಿಕಿರಣ ಬರುವುದು ಅದರಿಂದ. ಸಂಶೋಧನೆಗೆ ಕುಡಿಸುವುದು ಶುದ್ಧ ಮಾಡಿದ ಹೊಸ ಭಾರಜಲ. ಅಷ್ಟೇ ಅಲ್ಲ, ಈ ಡ್ಯೂಟೀರಿಯಂ ನಾವು ದಿನಾ ಕುಡಿಯುವ ನೀರಿನಲ್ಲೂ ಇದೆ. ಸುಮಾರು 6,400 ಹೈಡ್ರೋಜನ್‌ಗೆ ಒಂದು. 70 ಕೆಜಿ ಮನುಷ್ಯನ ಮೈನೀರಿನಲ್ಲಿ ಸಹಜವಾಗಿಯೇ ಸುಮಾರು 7 ಗ್ರಾಂ ಭಾರಜಲಕ್ಕೆ ಸಮನಾದ ಡ್ಯೂಟೀರಿಯಂ ಇದ್ದೇ ಇರುತ್ತದೆ.

ಸರಿ, ಎಷ್ಟು ಕುಡಿಸಬೇಕು? ಕಾಕಾ ತೂಕ 70 ಕೆಜಿ ಅಂತ ಹಿಡಿಯಿರಿ. ಗಂಡಸರ ಮೈಯಲ್ಲಿ ತೂಕದ ಸುಮಾರು 60 ಪರ್ಸೆಂಟ್ ನೀರು, ಅಂದರೆ 42 ಕೆಜಿ. ಅದಕ್ಕೆ 210 ಗ್ರಾಂ ಭಾರಜಲ ಬೆರೆಸಿದರೆ ನೀರಿನ ಅಣುಗಳ ಲೆಕ್ಕದಲ್ಲಿ ಸುಮಾರು 0.45 ಪರ್ಸೆಂಟ್ ಆಗುತ್ತದೆ. ಅಳತೆಯಲ್ಲಿ ಒಂದು ಲೋಟಕ್ಕಿಂತ ಜಾಸ್ತಿ ಏನಿಲ್ಲ. ಪ್ರಾಣಿಗಳಿಗೆ ತೊಂದರೆ ಕಾಣಿಸುವುದು ಮೈನೀರಿನ 20 ಪರ್ಸೆಂಟ್‌ನಷ್ಟು ಭಾರಜಲ ಆದಾಗ, ನಾವು ಮಾತಾಡುತ್ತಿರುವುದು ಅರ್ಧ ಪರ್ಸೆಂಟ್. ಒಂದೇ ಒಂದು ಎಚ್ಚರಿಕೆ ಬೇಕು. ಆ ಲೋಟವನ್ನು ಒಂದೇ ಗುಟುಕಿಗೆ ಕುಡಿದರೆ ಕೆಲವರಿಗೆ ತಲೆ ಸುತ್ತುತ್ತದೆ. ಕಾರಣ ಕೇಳಿದರೆ ಆಶ್ಚರ್ಯ ಆಗುತ್ತದೆ. ನಮ್ಮ ಒಳಕಿವಿಯಲ್ಲಿ ದ್ರವ ತುಂಬಿದ ಬಾಗಿದ ನಳಿಕೆಗಳಿವೆ, ಅದರೊಳಗೆ ಸಣ್ಣ ಪರದೆ ಇದೆ, ತಲೆ ತಿರುಗಿದ್ದನ್ನು ಮೆದುಳಿಗೆ ಹೇಳುವುದು ಆ ಪರದೆ. ಭಾರಜಲ ರಕ್ತದಿಂದ ಪರದೆಗೆ ಮೊದಲು ಸೇರುತ್ತದೆ, ದ್ರವಕ್ಕೆ ತಡವಾಗಿ. ಆ ಸ್ವಲ್ಪ ಹೊತ್ತು ಪರದೆ ತೂಕವಾಗಿ ಜಗ್ಗುತ್ತದೆ, ತಲೆ ಅಲ್ಲಾಡದಿದ್ದರೂ ಮೆದುಳಿಗೆ ತಿರುಗಿದಂತೆ ಅನಿಸುತ್ತದೆ. ಅದಕ್ಕೇ ಹಿಂದಿನ ಸಂಜೆಯಿಂದ ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಾರೆ.

ಕುಡಿದ ಕೆಲವು ಗಂಟೆಯಲ್ಲಿ ಆ ನೀರು ಮೈಯೆಲ್ಲ ಹರಡಿ ಸಮ ಆಗುತ್ತದೆ. ಈ ಮಾತಿನ ಮೇಲೆ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ವಿಧಾನದ ಜಾಣತನ ಇಲ್ಲಿಯೇ ಇದೆ. ಇದಕ್ಕಿಂತ ಬೇರೆ ದಾರಿಯೂ ಇದೆ, ಗುರುತು ಹಾಕಿದ ಅಸಿಟೇಟನ್ನು ಗಂಟೆಗಟ್ಟಲೆ ಸಲೈನ್ ಥರ ರಕ್ತಕ್ಕೆ ಹನಿಸುವುದು. ಲಿವರ್ ಕೊಬ್ಬು ಕಟ್ಟುವುದೇ ಅಸಿಟೇಟ್ ತುಂಡುಗಳಿಂದ, ಹಾಗಾಗಿ ಗುರುತು ಕೊಬ್ಬಿಗೂ ಸೇರುತ್ತದೆ. ಆದರೆ ಲಿವರ್ ಜೀವಕೋಶದ ಒಳಗೆ, ಕೊಬ್ಬು ಕಟ್ಟುವ ಜಾಗದಲ್ಲಿ, ಗುರುತಿರುವ ತುಂಡು ಎಷ್ಟು, ಇಲ್ಲದ್ದು ಎಷ್ಟು? ರಕ್ತ ನೋಡಿ ಅದನ್ನು ಹೇಳಲಿಕ್ಕೆ ಆಗುವುದಿಲ್ಲ. ಬಹಳ ಸುತ್ತು ಬಳಸಿನ ಲೆಕ್ಕ ಹಾಕಿ ಅಂದಾಜು ಮಾಡಬೇಕು. ನೀರಿಗೆ ಈ ಕಷ್ಟ ಇಲ್ಲ. ನೀರಿಗೆ ಯಾವ ಗೋಡೆಯೂ ಅಡ್ಡ ಇಲ್ಲ. ಜೊಲ್ಲಿನಲ್ಲಿ ಎಷ್ಟಿದೆಯೋ ರಕ್ತದಲ್ಲಿ ಅಷ್ಟೇ, ಲಿವರ್ ಕೋಶದ ಒಳಗೂ ಅಷ್ಟೇ. ಬಾಯಿಯಿಂದ ಒಂದು ಹನಿ ಜೊಲ್ಲು ತೆಗೆದು ಅಳೆದರೆ ಲಿವರ್ ಯಾವ ನೀರಿನಲ್ಲಿ ಹಿಟ್ಟು ನಾದುತ್ತಿದೆ ಅಂತ ಗೊತ್ತಾಗಿಬಿಡುತ್ತದೆ. ಈ ಅಳತೆಗೆ ಸೂಜಿ ಬೇಡ, ಆಸ್ಪತ್ರೆಯಲ್ಲಿ ಮಲಗುವುದು ಬೇಡ. ಮನುಷ್ಯ ಅಂಗಡಿಗೆ ಹೋಗಿ ಕೆಲಸ ಮಾಡಿಕೊಂಡೇ ವಾರ ಪೂರ್ತಿ ಪ್ರಯೋಗದಲ್ಲಿ ಇರಬಹುದು. ಮೊದಲ ಸಲ ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತಿದ್ದೆ.

ಇನ್ನು ಎಣಿಕೆ. ಲಿವರ್ ಹೊಸ ಕೊಬ್ಬು ಮಾಡುವಾಗ ಮುಖ್ಯವಾಗಿ ಆಗುವುದು ಪಾಲ್ಮಿಟಿಕ್ ಆಮ್ಲ. ಎರಡೆರಡು ಕಾರ್ಬನ್ ಇರುವ 8 ತುಂಡು ಜೋಡಿಸಿ 16 ಕಾರ್ಬನ್‌ನ ಸರಪಳಿ ಕಟ್ಟುತ್ತದೆ. ಆ ಸರಪಳಿಯ ಮೇಲೆ 31 ಹೈಡ್ರೋಜನ್ ಕೂರುತ್ತವೆ. ಕಟ್ಟುವಾಗ ಅವುಗಳಲ್ಲಿ ಸುಮಾರು 22 ಮೈನೀರಿನಿಂದ ಬರುತ್ತವೆ ಅಂತ ಹಿಡಿಯುತ್ತಾರೆ. ಕೆಲವು ನೇರವಾಗಿ, ಕೆಲವು ಬೇರೆ ಅಣುಗಳ ಮೂಲಕ ಸುತ್ತಿ. ಈಗ ಮೈನೀರಿನಲ್ಲಿ 0.45 ಪರ್ಸೆಂಟ್ ಡ್ಯೂಟೀರಿಯಂ ಇದೆ. 22 ಜಾಗ, ಪ್ರತಿ ಜಾಗದಲ್ಲೂ ಸಾವಿರಕ್ಕೆ ನಾಲ್ಕೂವರೆ ಸಲ ಭಾರದ ಹೈಡ್ರೋಜನ್ ಬಂದು ಕೂರಬಹುದು. ಲೆಕ್ಕ ಹಾಕಿದರೆ ಹೊಸದಾಗಿ ಆದ 100 ಪಾಲ್ಮಿಟಿಕ್ ಅಣುಗಳಲ್ಲಿ ಸುಮಾರು 9ರಲ್ಲಿ ಒಂದೊಂದು ಡ್ಯೂಟೀರಿಯಂ ಇರುತ್ತದೆ. ಅಂದರೆ ಎಲ್ಲ ಹೊಸ ರೊಟ್ಟಿಯೂ ಹಳದಿ ಆಗುವುದಿಲ್ಲ, ನೂರಕ್ಕೆ ಒಂಬತ್ತು ಮಾತ್ರ. ಆದರೆ ಆ ಒಂಬತ್ತು ಅನ್ನುವುದು ಮೊದಲೇ ಗೊತ್ತಿರುವುದರಿಂದ ಚಿಂತೆ ಇಲ್ಲ. ರಕ್ತದ ಕೊಬ್ಬಿನಲ್ಲಿ 100ಕ್ಕೆ 9 ಸಿಕ್ಕರೆ ಎಲ್ಲವೂ ಹೊಸದು. 1.8 ಸಿಕ್ಕರೆ ಐದರಲ್ಲಿ ಒಂದು ಭಾಗ ಹೊಸದು, 20 ಪರ್ಸೆಂಟ್.

ಇಲ್ಲೊಂದು ಸೂಕ್ಷ್ಮ ಇದೆ, ಇದನ್ನು ಮರೆತರೆ ಇಡೀ ಲೆಕ್ಕ ಕೆಡುತ್ತದೆ. ಕಾರ್ಬನ್‌ಗೂ ತೂಕದ ಅಣ್ಣ ಇದ್ದಾನೆ, ಪ್ರಕೃತಿಯಲ್ಲಿ ನೂರಕ್ಕೆ ಸುಮಾರು 1.1. ಹದಿನಾರು ಕಾರ್ಬನ್ ಇರುವ ಅಣುವಿನಲ್ಲಿ ಭಾರಜಲ ಕುಡಿಯುವ ಮೊದಲೇ 100ಕ್ಕೆ ಸುಮಾರು ಹದಿನೈದು ಅಣುಗಳು ಒಂದು ತೂಕ ಜಾಸ್ತಿ ಇರುತ್ತವೆ. ನಾವು ಹುಡುಕುತ್ತಿರುವುದು 1.8, ಅದರ ಅಡಿಯಲ್ಲಿ ಅಷ್ಟು ದೊಡ್ಡ ರಾಶಿ ಮೊದಲೇ ಇದೆ. ಜೋಳದಲ್ಲೇ ಸ್ವಲ್ಪ ಹಳದಿ ಇದ್ದ ಹಾಗೆ. ಅದಕ್ಕೇ ಭಾರಜಲ ಕೊಡುವ ಮೊದಲು ಒಂದು ಸಲ ರಕ್ತ ತೆಗೆದು ಅದೇ ಯಂತ್ರದಲ್ಲಿ ಅಳೆದಿಟ್ಟುಕೊಳ್ಳುತ್ತಾರೆ. ಆಮೇಲಿನದರಲ್ಲಿ ಇದನ್ನು ಕಳೆಯುತ್ತಾರೆ. ಮೊದಲ ರಕ್ತ ಇಲ್ಲದೆ ಎರಡನೇ ರಕ್ತಕ್ಕೆ ಅರ್ಥ ಇಲ್ಲ.

ರಕ್ತ ಯಾಕೆ, ಲಿವರ್‌ಗೆ ಸೂಜಿ ಹಾಕಬೇಕಲ್ಲವೇ ಅಂತ ನೀವು ಕೇಳಬಹುದು. ಬೇಕಿಲ್ಲ. ಲಿವರ್ ತನ್ನ ಕೊಬ್ಬನ್ನು ಸಣ್ಣ ಸಣ್ಣ ಗಂಟು ಕಟ್ಟಿ ರಕ್ತಕ್ಕೆ ಕಳಿಸುತ್ತಲೇ ಇರುತ್ತದೆ. ಕೊಲೆಸ್ಟ್ರಾಲ್ ರಿಪೋರ್ಟಿನಲ್ಲಿ ವಿಎಲ್‌ಡಿಎಲ್ ಅಂತ ಒಂದು ಸಾಲು ಇರುತ್ತದಲ್ಲ, ಅದೇ ಆ ಗಂಟು. ಅದನ್ನು ಹಿಡಿದರೆ ಲಿವರ್ ಬುಟ್ಟಿಯಿಂದಲೇ ಒಂದು ರೊಟ್ಟಿ ಎತ್ತಿದ ಹಾಗೆ. ಮುಖ್ಯವಾದ ಅಳತೆಗೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆಯುತ್ತಾರೆ, ಊಟ ಆದ ಮೇಲೆ ತೆಗೆದರೆ ಕರುಳಿನಿಂದ ಬಂದ ಕೊಬ್ಬಿನ ಗಂಟುಗಳೂ ಬೆರೆಯುತ್ತವೆ. ಆ ರಕ್ತವನ್ನು ಭಾರೀ ವೇಗದ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ವಿಎಲ್‌ಡಿಎಲ್ ಹಗುರ ಇರುವುದರಿಂದ ಮೇಲೆ ತೇಲುತ್ತದೆ. ಅದರಿಂದ ಟ್ರೈಗ್ಲಿಸರೈಡ್ ಬೇರ್ಪಡಿಸುತ್ತಾರೆ.

ಟ್ರೈಗ್ಲಿಸರೈಡ್ ಅಂದರೆ ಗ್ಲಿಸರಾಲ್ ಅನ್ನುವ ಹಿಡಿಕೆಗೆ ಮೂರು ಕೊಬ್ಬಿನ ಸರಪಳಿ ಕಟ್ಟಿದ್ದು. ಇದನ್ನು ಹಾಗೇ ಅಳೆದರೆ ಮೋಸ ಹೋಗುತ್ತೇವೆ. ಹಳೇ ಸರಪಳಿಗೆ ಹೊಸ ಹಿಡಿಕೆ ಹಾಕಿದರೂ ಹಿಡಿಕೆಗೆ ಡ್ಯೂಟೀರಿಯಂ ಅಂಟಿರುತ್ತದೆ. ವಾರದ ಹಿಂದಿನ ರೊಟ್ಟಿಯನ್ನು ಹಳದಿ ಬಟ್ಟೆಯಲ್ಲಿ ಸುತ್ತಿಟ್ಟರೆ ಅದು ಹೊಸ ರೊಟ್ಟಿ ಆಗುವುದಿಲ್ಲವಲ್ಲ. ಹಾಗಾಗಿ ಹಿಡಿಕೆ ಕತ್ತರಿಸಿ ತೆಗೆದು, ಪಾಲ್ಮಿಟಿಕ್ ಆಮ್ಲವನ್ನು ಮಾತ್ರ ಸುಲಭವಾಗಿ ಆವಿಯಾಗುವ ಮೀಥೈಲ್ ರೂಪಕ್ಕೆ ತಂದು ಮಾಸ್ ಸ್ಪೆಕ್ಟ್ರೋಮೀಟರ್, ಅಂದರೆ ಅಣುಗಳನ್ನು ತೂಗುವ ಯಂತ್ರಕ್ಕೆ ಹಾಕುತ್ತಾರೆ. ಮಾಮೂಲಿ ಅಣು 270ರ ಹತ್ತಿರ ಕಾಣುತ್ತದೆ, ಡ್ಯೂಟೀರಿಯಂ ಒಂದು ಕೂತದ್ದು 271ರಲ್ಲಿ. ಎರಡರ ಎತ್ತರ ನೋಡಿ ಲೆಕ್ಕ.

ಇಷ್ಟೆಲ್ಲ ಮಾಡಿದವರಿಗೆ ಏನು ಸಿಕ್ಕಿತು? 2005ರಲ್ಲಿ ಅಮೆರಿಕದಲ್ಲಿ ಫ್ಯಾಟಿ ಲಿವರ್ ಇದ್ದ 9 ಜನರ ಮೇಲೆ ಬೇರೆ ಬೇರೆ ಗುರುತುಗಳನ್ನು ಬಳಸಿ ಮೂರೂ ದಾರಿಗಳನ್ನು ಒಟ್ಟಿಗೆ ಅಳೆದರು. ಲಿವರ್ ಕೊಬ್ಬಿನಲ್ಲಿ 59 ಪರ್ಸೆಂಟ್ ಮೈಯಲ್ಲಿ ಕೂಡಿಟ್ಟದ್ದು ಕರಗಿ ಬಂದದ್ದು, 26 ಪರ್ಸೆಂಟ್ ಲಿವರ್ ತಾನೇ ಮಾಡಿದ್ದು, ನೇರವಾಗಿ ಊಟದ ಕೊಬ್ಬಿನಿಂದ ಬಂದದ್ದು 15 ಪರ್ಸೆಂಟ್. 2014ರ ಇನ್ನೊಂದು ಅಧ್ಯಯನದಲ್ಲಿ ಭಾರಜಲವನ್ನೇ ಕುಡಿಸಿದ್ದರು. ಲಿವರ್‌ನಲ್ಲಿ ಕೊಬ್ಬು ಕಡಿಮೆ ಇದ್ದವರಲ್ಲಿ ಹೊಸ ಕೊಬ್ಬಿನ ಪಾಲು ಸುಮಾರು 10 ಪರ್ಸೆಂಟ್, ಜಾಸ್ತಿ ಇದ್ದವರಲ್ಲಿ ಸುಮಾರು 23.

ನನ್ನ ಮನಸ್ಸಿನಲ್ಲಿ ಉಳಿದದ್ದು 2021ರ ಅಧ್ಯಯನ. ಫ್ಯಾಟಿ ಲಿವರ್ ಇದ್ದ ಹದಿಹರೆಯದ ಹುಡುಗರು. ಅರ್ಧ ಹುಡುಗರ ಮನೆಯವರೆಲ್ಲರ ಊಟದಿಂದ ಸೇರಿಸಿದ ಸಕ್ಕರೆ, ಜ್ಯೂಸ್‌ನ ಸಕ್ಕರೆಯನ್ನು 8 ವಾರ ಬಹುತೇಕ ತೆಗೆದರು, ಉಳಿದವರು ಎಂದಿನಂತೆ ತಿಂದರು. ಮೊದಲೂ ಕೊನೆಗೂ ಒಂದು ವಾರ ಭಾರಜಲ ಕುಡಿಸಿ ಅಳೆದರು. ಸಕ್ಕರೆ ಬಿಟ್ಟವರಲ್ಲಿ ಲಿವರ್ ಮಾಡುವ ಕೊಬ್ಬಿನ ಪಾಲು 34.6ರಿಂದ 24.1 ಪರ್ಸೆಂಟ್‌ಗೆ ಇಳಿಯಿತು. ಬಿಡದವರಲ್ಲಿ ಹೆಚ್ಚು ಕಡಿಮೆ ಅಷ್ಟೇ ಉಳಿಯಿತು. ಸ್ಕ್ಯಾನ್ ಒಂದನ್ನೇ ನೋಡಿದ್ದರೆ ಲಿವರ್ ಕೊಬ್ಬು ಇಳಿಯಿತು ಅಂತ ಮಾತ್ರ ಗೊತ್ತಾಗುತ್ತಿತ್ತು. ನೀರು ಹೇಳಿದ್ದು ಯಾವ ಒಲೆ ಸಣ್ಣ ಆಯಿತು ಅಂತ. ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್. ಗ್ಲೂಕೋಸ್ ದಾರಿಯಲ್ಲಿ ಇರುವ ಒಂದು ಮುಖ್ಯ ತಡೆಯನ್ನು ಅದು ದಾಟಬೇಕಿಲ್ಲ, ಲಿವರ್‌ನಲ್ಲಿ ಸಲೀಸಾಗಿ ಒಡೆದು ಕೊಬ್ಬಿನ ಕಚ್ಚಾ ಮಾಲು ಆಗುತ್ತದೆ. ಮೇಲೆ ಇನ್ಸುಲಿನ್ ಏರಿದ್ದರೆ ಕೊಬ್ಬು ಕಟ್ಟುವ ಕಿಣ್ವಗಳು ಇನ್ನೂ ಜೋರು.

ಹಾಗಂತ ಈ ಸಂಖ್ಯೆಗಳನ್ನು ಕಣ್ಣು ಮುಚ್ಚಿ ನಂಬಬಾರದು. 25 ಪರ್ಸೆಂಟ್ ಅನ್ನುವುದು ಪಾಲು, ತೂಕ ಅಲ್ಲ. ಹತ್ತು ರೊಟ್ಟಿಯಲ್ಲಿ ಎರಡೂವರೆ ಬೇರೆ, ನೂರರಲ್ಲಿ ಇಪ್ಪತ್ತೈದು ಬೇರೆ. ಎಷ್ಟು ಗ್ರಾಂ ಅಂತ ಬೇಕಾದರೆ ಲಿವರ್ ದಿನಕ್ಕೆ ಎಷ್ಟು ವಿಎಲ್‌ಡಿಎಲ್ ಕಳಿಸುತ್ತದೆ ಅಂತ ಬೇರೆಯಾಗಿ ಅಳೆಯಬೇಕು. ಬಹಳ ದಿನ ಭಾರಜಲ ಕೊಟ್ಟರೆ ಇನ್ನೊಂದು ಗೊಂದಲ: ಮೊನ್ನೆ ಲಿವರ್ ಮಾಡಿದ ಕೊಬ್ಬು ಸೊಂಟಕ್ಕೆ ಹೋಗಿ ಕೂತು ಇವತ್ತು ಕರಗಿ ವಾಪಸ್ ಬಂದರೆ ಅದಕ್ಕೂ ಗುರುತು ಇರುತ್ತದೆ, ಹೊಸದು ಅಂತಲೇ ಎಣಿಕೆ ಆಗುತ್ತದೆ. ತೀರಾ ಬೇಗ ಅಳೆದರೆ ಲಿವರ್ ಒಳಗೆ ಕೂಡಿಟ್ಟದ್ದು ಇನ್ನೂ ಹೊರಗೆ ಬಂದಿರುವುದಿಲ್ಲ, ಕಡಿಮೆ ಕಾಣುತ್ತದೆ. 22 ಅನ್ನುವ ಸಂಖ್ಯೆಯನ್ನೂ ಎಲ್ಲರೂ ಒಂದೇ ಥರ ಒಪ್ಪುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಒಬ್ಬರ 18ನ್ನು ಇನ್ನೊಂದು ಲ್ಯಾಬಿನ 22ಕ್ಕೆ ಹೋಲಿಸುವುದು ಬೇಡ. ಅದೇ ಮನುಷ್ಯ, ಅದೇ ಲ್ಯಾಬ್, ಮೊದಲು ಮತ್ತು ಆಮೇಲೆ, ಹೀಗೆ ನೋಡಿದಾಗ ಇದರ ಬೆಲೆ ದೊಡ್ಡದು.

ಇಷ್ಟನ್ನೂ ರೊಟ್ಟಿ ಬುಟ್ಟಿ ಮುಂದಿಟ್ಟುಕೊಂಡೇ ಕಾಕಾ ಅವರಿಗೆ ಹೇಳಿದೆ. "ಹಂಗಾರ ನಾ ತುಪ್ಪ ಬಿಟ್ಟಿದ್ದು ಸುಮ್ನ?" ಅಂತ ಕೇಳಿದರು. ಸುಮ್ನೆ ಅಲ್ಲ, ಆದರೆ ಒಂದು ಬಾಗಿಲು ಮಾತ್ರ ಮುಚ್ಚಿದ್ದೀರಿ, ಅದೂ ಸಣ್ಣ ಬಾಗಿಲು ಅಂದೆ. ದೊಡ್ಡದು ಸೊಂಟದ ಸುತ್ತಲಿನದು, ಆಮೇಲೆ ಚಹಾದ ಸಕ್ಕರೆ. ಆ ನೀರು ಕುಡಿದು ತಾವೂ ಅಳೆಸಿಕೊಳ್ಳಬಹುದೇ ಅಂತ ಕೇಳಿದರು. ಇದು ಸಂಶೋಧನೆಯ ಕೆಲಸ, ಡಯಾಗ್ನೋಸ್ಟಿಕ್ ಸೆಂಟರ್‌ನಲ್ಲಿ ದುಡ್ಡು ಕೊಟ್ಟು ಮಾಡಿಸುವ ಟೆಸ್ಟ್ ಅಲ್ಲ. ಸಕ್ಕರೆ ಕಡಿಮೆ ಮಾಡಲಿಕ್ಕೆ ಅದರ ರಿಪೋರ್ಟ್ ಬರುವ ತನಕ ಕಾಯಬೇಕಾಗಿಯೂ ಇಲ್ಲ. ಉಳಿದದ್ದು ಅವರ ಡಾಕ್ಟರ್ ಹೇಳಬೇಕು.

ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಕೇಳಿದರು. "ನಮ್ಮ ಬ್ಯಾಸಗಿಯಾಗ ಈ ಲೆಕ್ಕ ಹೆಂಗ ನಿಂದರತದ? ಬೆವರಿನ್ಯಾಗ ಎಲ್ಲಾ ಹೋಗತದಲ್ಲ." ಎಂಥ ಒಳ್ಳೆಯ ಪ್ರಶ್ನೆ! ಮೈನೀರಿನಲ್ಲಿ ಅರ್ಧ ಬದಲಾಗಲಿಕ್ಕೆ ಸಾಮಾನ್ಯವಾಗಿ ಒಂದು ವಾರದಿಂದ ಹತ್ತು ದಿನ ಬೇಕು. ಮೇ ತಿಂಗಳ ಕಲಬುರಗಿಯಲ್ಲಿ, 42 ಡಿಗ್ರಿ ಬಿಸಿಲಲ್ಲಿ, ಕೊಡಗಟ್ಟಲೆ ಕುಡಿದು ಬೆವರುವವರಲ್ಲಿ ಇನ್ನೂ ಬೇಗ ಬದಲಾಗುತ್ತದೆ. ಹಾಗಾಗಿ ಮೊದಲ ಲೋಟದ ಮೇಲೆ ದಿನವೂ ಕುಡಿಯುವ ನೀರಿಗೂ ಸ್ವಲ್ಪ ಭಾರಜಲ ಬೆರೆಸಿ ಬಾಟಲಿ ಕೊಡುತ್ತಾರೆ, ಹೊರಗೆ ಹೋದಷ್ಟು ಒಳಗೆ ಬರಲಿ ಅಂತ. ಅಂಗಡಿಯಲ್ಲಿ ಗಿರಾಕಿ ಜೊತೆ ಕುಡಿದ ಚಹಾ ಆ ಬಾಟಲಿಯ ನೀರಿನದಲ್ಲ, ಅದು ಮಟ್ಟವನ್ನು ಸ್ವಲ್ಪ ಇಳಿಸುತ್ತದೆ. ಪರವಾಗಿಲ್ಲ. ಆಯಾ ದಿನದ ಜೊಲ್ಲು ಸಣ್ಣ ಕೊಳವೆಯಲ್ಲಿ ಹಿಡಿದಿಟ್ಟರೆ ಅವತ್ತು ಮಟ್ಟ 0.45 ಇತ್ತೋ 0.38ಕ್ಕೆ ಇಳಿದಿತ್ತೋ ಗೊತ್ತಾಗುತ್ತದೆ, ಆ ಸಂಖ್ಯೆಯನ್ನೇ ಹಿಡಿದು ಆ ದಿನದ ಲೆಕ್ಕ ಹಾಕುತ್ತಾರೆ.